ಗಾಜಿನ ಪೆಟ್ಟಿಗೆಯ ಉಪವಾಸ

ತಾರಾಬಾಯಿಯ ಮುಷ್ಟಿ ಗಾಜಿನ ಪೆಟ್ಟಿಗೆಯ ಮೇಲೆ ಬಂದು ಬಿಚ್ಚಿಕೊಂಡಿತು. ಬೆಳ್ಳಗಿನದೇನೋ ನೀರಿಗೆ ಬಿತ್ತು. ಆಕೆ ಮುಚ್ಚಳ ಸರಿಸಿ, ಕೈ ಒರೆಸಿಕೊಂಡು, ಮಂಚದ ಮೇಲೆ ಕೂತು ಜಪಮಾಲೆ ಹಿಡಿದಳು. ಬಾಗಿಲ ಸಂದಿಯಲ್ಲಿದ್ದ ಸೊಸೆ ಕಮಲಾಬಾಯಿ ಉಸಿರು ಬಿಗಿಹಿಡಿದು ನಿಂತಿದ್ದಳು. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ.

ಪೆಟ್ಟಿಗೆಯೊಳಗಿನ ಪ್ರಾಣಿ ಊಟ ಬಿಟ್ಟು ಅಂದಿಗೆ ಹದಿನೈದು ದಿನ.

ಅದರ ಹೆಸರು ಆಕ್ಸೊಲಾಟಲ್. ಕಾಗವಾಡದಲ್ಲಿ ಆ ಹೆಸರನ್ನು ತಡವರಿಸದೆ ಹೇಳಬಲ್ಲವನು ತಾರಾಬಾಯಿಯ ಮಗ ಉತ್ತಮ ಒಬ್ಬನೇ. ದ್ರಾಕ್ಷಿ ಮಾರಲು ಮುಂಬೈಗೆ ಹೋದವನು ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ತಂದಿದ್ದ. ಮೀನಿನಂತೆ ನೀರಲ್ಲೇ ವಾಸ, ಹಲ್ಲಿಯಂತೆ ನಾಲ್ಕು ಕಾಲು, ಕತ್ತಿನ ಎರಡೂ ಬದಿ ಗರಿಯಂಥ ಕಿವಿರು, ಮುಖದ ಮೇಲೆ ಕಾರಣವಿಲ್ಲದ ನಗು. ಓಣಿಯವರು ಬಂದು, ಚಹಾ ಕುಡಿದು, "ಮೀನಿಗೆ ಕಾಲ್ ಬಂದಾವ" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು. ಅದಕ್ಕೆ ತಂಪು ಬೇಕು. ಮನೆಯಲ್ಲಿ ತಂಪಾದ ಕೋಣೆ ತಾರಾಬಾಯಿಯದು. ಹಾಗಾಗಿ ಪೆಟ್ಟಿಗೆ ಆಕೆಯ ಮಂಚದ ಪಕ್ಕಕ್ಕೆ ಬಂತು.

ಅದು ತಿನ್ನುವುದು ಎರೆಹುಳು. ಅದೂ ಜೈನರ ಮನೆಯಲ್ಲಿ. ತೋಟದ ಆಳು ಜಕ್ಕಪ್ಪ ಡಬ್ಬಿಯಲ್ಲಿ ಹುಳು ತಂದಾಗಲೆಲ್ಲ ತಾರಾಬಾಯಿ ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು. ಒಮ್ಮೆ ಮಾತ್ರ ಮಗನಿಗೆ, "ಇದರ ಹೊಟ್ಟಿ ಒಂದ, ಹೋಗೂ ಜೀವ ಎಷ್ಟೋ ತಮ್ಮಾ?" ಎಂದಿದ್ದಳು.

ತೊಂಬತ್ತನಾಲ್ಕನೇ ಇಸವಿಯ ಆ ಚಾತುರ್ಮಾಸದಲ್ಲಿ ಆಕೆಯೇ ಬದಲಾಗಿದ್ದಳು. ಎರಡು ವರ್ಷದ ಹಿಂದೆ ಮಿರಜದಲ್ಲಿ ಕತ್ತಿನ ಗಡ್ಡೆ ತೆಗೆಸಿಕೊಂಡು ಬಂದ ಮೇಲೂ ಗಟ್ಟಿಮುಟ್ಟಾಗಿದ್ದವಳು ಈಗ ಕರೆದರೆ ತಡವಾಗಿ ತಿರುಗುತ್ತಿದ್ದಳು. ಅಕ್ಟೋಬರ್ ಬಿಸಿಲಲ್ಲಿ ಸ್ವೆಟರ್, ಅದರ ಮೇಲೆ ಶಾಲು. ಮುಖ ಊದಿತ್ತು, ದನಿ ಗಂಡಸಿನದಾಗಿತ್ತು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡವರ ಮುಖ ಹೀಗೇ ಆಗುತ್ತದೆಂದು ಕಮಲಾಬಾಯಿಗೆ ಖಾತ್ರಿಯಿತ್ತು.

"ರೀ, ನಾ ಕಣ್ಣಾರೆ ಕಂಡೀನಿ. ನಿಮ್ಮವ್ವ ನೀರಾಗ ಏನೋ ಹಾಕಾಕತ್ತಾರ."

ಉತ್ತಮ ನಕ್ಕ. "ಹಾವಿಗೂ ದಾರಿ ಬಿಡಾಕಿ ಅಕಿ. ವಿಷಾ ಹಾಕ್ತಾಳೇನ?"

"ಹುಳಾ ಉಳೀಬೇಕಂದ್ರ ತಿನ್ನೂದು ಸಾಯಬೇಕಲ್ಲ? ಇವತ್ತ ಅದರ ನೀರಾಗ. ನಾಳೆ ನನ್ನ ಸಾರಿನಾಗ."

ಉತ್ತಮ ಮತ್ತೊಮ್ಮೆ ನಕ್ಕ. ಆದರೆ ಅಂದು ಸಂಜೆ ದ್ರಾಕ್ಷಿಗೆ ಹೊಡೆಯುವ ಔಷಧದ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಪ್ರಾಣಿಗೆ ಏನೂ ಗುಣ ಕಾಣಲಿಲ್ಲ. ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಬರ್ಫ ತಂದು ಪೆಟ್ಟಿಗೆಯ ಸುತ್ತ ಇಟ್ಟರು. ಜಕ್ಕಪ್ಪ ಕಡ್ಡಿಯ ತುದಿಯಲ್ಲಿ ಹುಳು ಸಿಕ್ಕಿಸಿ ಅದರ ಮೂತಿಯ ಮುಂದೆ ಆಡಿಸಿದ. ಅದು ನಗುತ್ತಲೇ ತಿರುಗಿಕೊಂಡಿತು. ಕಿವಿರಿನ ಗರಿಗಳು ಸುಟ್ಟ ದಾರದಂತೆ ದಿನದಿನಕ್ಕೆ ಮೊಟಕಾದವು. ಆಮೇಲೆ ಅದು ಗಾಜಿಗೆ ಕಾಲು ಕೊಟ್ಟು ನೀರಿನಿಂದ ಮುಖ ಹೊರಗೆತ್ತತೊಡಗಿತು. ಜಿಗಿದು ಸತ್ತೀತೆಂದು ಉತ್ತಮ ನೀರನ್ನು ಅಂಚಿನವರೆಗೆ ತುಂಬಿಸಿ, ಮುಚ್ಚಳದ ಮೇಲೆ ಗುಂಡುಕಲ್ಲು ಇಟ್ಟ. ರಾತ್ರಿಯಿಡೀ ಮೂತಿ ಮುಚ್ಚಳಕ್ಕೆ ಬಡಿಯುವ ಸದ್ದು. ತಾರಾಬಾಯಿ ಪಕ್ಕದಲ್ಲೇ ಮಲಗಿದ್ದಳು, ಏನೂ ಕೇಳದವಳಂತೆ.

ಕೊನೆಗೆ ಉತ್ತಮ ಸಣ್ಣ ದನಿಯಲ್ಲಿ ಹೆಂಡತಿಗೆ ಹೇಳಿದ: "ಭೀಮಸಿ ಬಂದು ನೋಡಲಿ. ವಿಷಾ ಅಂತ ಹೇಳಿದ್ರ, ಅವ್ವನ್ನ ಭೋಜ ಊರಾಗಿನ ಅಕ್ಕನ ಮನಿಗೆ ಬಿಟ್ಟ ಬರ್ತೀನಿ. ತಿರಗಿ ಕರ್ಕೊಂಡ ಬರೂ ಮಾತಿಲ್ಲ."

ಕಮಲಾಬಾಯಿ ಭೀಮಸಿಗೆ ಕಾಯಲಿಲ್ಲ. ಅಂದೇ ಅತ್ತೆಯ ಸೀರೆಗಳನ್ನು ಟ್ರಂಕಿಗೆ ತುಂಬಿದಳು.

ಭೀಮಸಿ ಉತ್ತಮನ ಹಳೆಯ ಸಹಪಾಠಿ, ಅಥಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮಾಸ್ತರ. ರವಿವಾರ ಮಧ್ಯಾಹ್ನ ಬಂದವನು ಕಲ್ಲು ಇಳಿಸಿ, ಪ್ರಾಣಿಯನ್ನು ಎತ್ತಿ ಒದ್ದೆ ಬಟ್ಟೆಯ ಮೇಲಿಟ್ಟ. ಅದು ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯಿತು.

"ಏನ್ ಹಾಕ್ಯಾರ್ರಿ ಅಣ್ಣಾರ, ವಿಷಾನ?" ಕಮಲಾಬಾಯಿ ಕೇಳಿದಳು.

"ವಿಷಾ ಅಲ್ರಿ, ಔಷಧ." ಭೀಮಸಿ ಗೆಳೆಯನತ್ತ ತಿರುಗಿದ. "ಇದು ರೂಪಾ ಬದಲಿಸಾಕತ್ತೈತಿ. ಆ ಹೊತ್ತಿನ್ಯಾಗ ತಿನ್ನೂದಿಲ್ಲ. ಕಿವಿರ ಹೋಗ್ಯಾವ, ಇನ್ನ ಗಾಳಿ ಕುಡದ ನೆಲದ ಮ್ಯಾಲ ಬದಕೂ ಪ್ರಾಣಿ. ನೀ ಕಲ್ಲಿಟ್ಟ ಮುಳಗಸಾಕತ್ತಿದ್ದಿ."

"ತಾನಾಗೇ ಹಿಂಗ ಆತೇನ?"

"ಆಗೂದ ಅಪರೂಪ. ಥೈರಾಯ್ಡ್ ಗುಳಿಗಿ ನೀರಿಗೆ ಬಿದ್ರ ಹಿಂಗಾಗತೈತಿ. ಮನ್ಯಾಗ ಅದನ್ನ ಯಾರ್ ತಗೋತಾರ?"

"ಅವ್ವ. ಗಡ್ಡಿ ತಗದ ಮ್ಯಾಲ ಜೀವ ಇರೂತನಕಾ ನುಂಗಬೇಕಂತ, ಬರೀ ಹೊಟ್ಟಿಲೆ. ನಾ ತೋಟಕ್ಕ ಹೋಗೂ ಮುಂದ, ನಸಿಕ್ನ್ಯಾಗ ಐದಕ್ಕ, ನಾನ ಅಕಿ ಅಂಗೈಯಾಗ ಇಡ್ತೀನಿ. ಒಂದ್ ದಿನಾನೂ ತಪ್ಪಿಸಿಲ್ಲ."

ಹೇಳುತ್ತ ಹೇಳುತ್ತ ಉತ್ತಮನ ದನಿ ಇಳಿಯಿತು. ಭೀಮಸಿ ಪ್ರಾಣಿಯನ್ನು ಅಲ್ಲೇ ಬಿಟ್ಟು ತಾರಾಬಾಯಿಯ ಊದಿದ ಕೈ ಹಿಡಿದ. ಮಣಿಕಟ್ಟಿನಲ್ಲಿ ನಾಡಿ ಹುಡುಕಲು ಅವನಿಗೆ ಹೊತ್ತು ಹಿಡಿಯಿತು.

"ಜೀಪ್ ತೆಗಿ. ಈಗಿಂದೀಗ ಮಿರಜಕ್ಕ. ಪ್ರಾಣಿ ಬದಕತೈತಿ. ಇಷ್ಟ ದಿನಾ ಗುಳಿಗಿ ಇಲ್ಲದ ಇವರದ ನನಗ ಹೇಳಾಕ ಬರೂದಿಲ್ಲ."

"ಯಾಕ ಅವ್ವಾ?" ಉತ್ತಮ ಮಂಚದ ಬುಡಕ್ಕೆ ಬಂದು ಕೂತ.

ತಾರಾಬಾಯಿ ತಡವಾಗಿ ತಿರುಗಿದಳು. "ಹೊತ್ತು ಹುಟ್ಟೂತನಕಾ ಬಾಯಿಗೆ ನೀರೂ ಮುಟ್ಟಸಂಗಿಲ್ಲಂತ ಆಷಾಢದಾಗ ಮುನಿಮಹಾರಾಜರ ಮುಂದ ನೇಮಾ ಹಿಡದೀನಿ. ನಿನಗ ಹೇಳಿದರ, ಡಾಕ್ಟರ ಹೇಳಿದ ಟೈಮಿಗೇ ನುಂಗಬೇಕ, ಟೈಮ್ ಮೀರಿದರ ಉಪಯೋಗಿಲ್ಲ ಅಂತಿ. ಗುಳಿಗಿ ಅಂಗಳಕ್ಕ ಒಗೀಬೇಕಂದ್ನಿ, ಇರುವಿ ತಿಂದ ಸತ್ತಾವು ಅಂತ ನೀರಾಗ ಬಿಟ್ಟೆ ತಮ್ಮಾ."