ಛತ್ರಿಗೆ ಬಿದ್ದ ಓಟು

ನಾಲ್ಕನೇ ತರಗತಿಯಲ್ಲಿ ಅಂದು ಪಾಠವಿರಲಿಲ್ಲ, ಚುನಾವಣೆಯಿತ್ತು. ಓಟು ಹಾಕುವುದನ್ನು ಮಕ್ಕಳು ಹಾಕಿಯೇ ಕಲಿಯಲಿ ಎಂದು ಮಿಸ್ಸು ಒಂದು ಶೂ ಡಬ್ಬವನ್ನೇ ಮತಪೆಟ್ಟಿಗೆ ಮಾಡಿದ್ದರು. ಕ್ಲಾಸ್ ಲೀಡರ್ ಆಗಲು ನಿಂತವರು ಇಬ್ಬರು. ತನುಶ್ರೀಗೆ ಗಂಟೆಯ ಗುರುತು, ಕುಸುಮಳಿಗೆ ಛತ್ರಿ.

"ಯಾರಿಗೆ ಹಾಕಿದ್ರಿ ಅಂತ ಒಬ್ಬರೂ ಬಾಯಿ ಬಿಡಬಾರದು," ಎಂದು ಮಿಸ್ಸು ಮೊದಲೇ ಹೇಳಿದ್ದರು.

ಬೀರುವಿನ ಮರೆಯಲ್ಲಿ ಚೀಟಿ ಹಿಡಿದು ನಿಂತಾಗ, ತನಗೆ ತಾನೇ ಓಟು ಹಾಕಿಕೊಳ್ಳಲು ಕುಸುಮಳಿಗೆ ನಾಚಿಕೆಯಾಯಿತು. ಗಂಟೆಗೇ ಗೀಟು ಹಾಕಿ ಬಂದಳು.

ಎಣಿಕೆ ಶುರುವಾದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಟೆ, ಗಂಟೆ, ಮತ್ತೂ ಗಂಟೆ. ಬೋರ್ಡಿನಲ್ಲಿ ಛತ್ರಿಯ ಕೆಳಗೆ ಒಂದು ಗೀಟೂ ಬೀಳಲಿಲ್ಲ. ಸೊನ್ನೆ ಬಂದರೆ ಮನೆಯಲ್ಲಿ ಅಕ್ಕನಿಗೆ ಏನು ಹೇಳುವುದು? ಜಡೆಯ ರಿಬ್ಬನ್ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು.

ಮಿಸ್ಸು ಕೊನೆಯ ಚೀಟಿ ಬಿಡಿಸಿದರು. "ಛತ್ರಿ! ಗಂಟೆಗೆ ಇಪ್ಪತ್ತೈದು, ಛತ್ರಿಗೆ ಒಂದು."

"ಅದು ಅವಳೇ ಹಾಕ್ಕೊಂಡಿರೋದು!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಕ್ಲಾಸು ಗೊಳ್ಳೆಂದಿತು.

"ನಾನು ಹಾಕ್ಕೊಂಡಿಲ್ಲ!" ಎನ್ನುತ್ತಾ ಕುಸುಮ ಎದ್ದು ನಿಂತಳು.

"ಹಂಗಾದ್ರೆ ಇನ್ಯಾರು ಹಾಕಿದ್ದು? ಹೇಳು ನೋಡಾಣ!"

ಅದು ಅವಳಿಗೂ ಗೊತ್ತಿರಲಿಲ್ಲ. ಮಿಸ್ಸು ಮೇಜಿಗೆ ಡಸ್ಟರ್ ಬಡಿದರೂ ನಗು ನಿಲ್ಲಲಿಲ್ಲ.

ಹಾರ ಹಾಕಿಸಿಕೊಳ್ಳಲು ಮುಂದೆ ಹೋಗಿದ್ದ ತನುಶ್ರೀ ಥಟ್ಟನೆ ಕ್ಲಾಸಿನ ಕಡೆ ತಿರುಗಿದಳು. "ಆ ಓಟು ನಂದು."