ಅನಲಿನ್‌ಳ ಮೊಣಕೈ

ಎರಡನೇ ಸಲವೂ ಕೆಂಪು ದೀಪ. ಮೂವರು ತೀರ್ಪುಗಾರರಲ್ಲಿ ಒಬ್ಬರು ಮಾತ್ರ ಬಿಳಿ ಒತ್ತಿದ್ದರು. ನೂರ ಹದಿನೆಂಟು ಕಿಲೋ ಅವಳ ತಲೆಯ ಮೇಲೆ ಅಲುಗಾಡದೆ ನಿಂತದ್ದನ್ನು ಡಚ್ಚರ ಊರಾದ ಟಿಲ್‌ಬರ್ಗಿನ ಆ ಸಭಾಂಗಣದ ಜನವೆಲ್ಲ ಕಣ್ಣಾರೆ ಕಂಡಿದ್ದರು. ಆದರೇನು, ಮೊಣಕೈ ನೆಟ್ಟಗಿಲ್ಲವೆಂದು ಎತ್ತಿದ್ದನ್ನು ಎತ್ತಲೇ ಇಲ್ಲ ಎಂದುಬಿಟ್ಟರು ಪುಣ್ಯಾತ್ಮರು! ಫಿಲಿಪೀನ್ಸಿನ ಅನಲಿನ್ ತಬಾಡಾ ಪರದೆಯ ಹಿಂದೆ ಬಂದು ಕುರ್ಚಿಯಲ್ಲಿ ಕುಸಿದಳು. ಉಳಿದದ್ದು ಒಂದೇ ಅವಕಾಶ. ಅದೂ ಕೈಬಿಟ್ಟರೆ ಈ ವಿಶ್ವ ಮಟ್ಟದ ಭಾರ ಎತ್ತುವ ಸ್ಪರ್ಧೆಯ ಅಂತಿಮ ಪಟ್ಟಿಯಲ್ಲಿ ಅವಳಿಗೆ ಸ್ಥಾನವಿಲ್ಲ, ಮುಂದಿನ ವರ್ಷದ ತಂಡದಲ್ಲೂ ಇಲ್ಲ.

ಪಕ್ಕದಲ್ಲಿದ್ದ ವತ್ಸಲೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವೀಸಾ ಸಿಗದೆ ಕೋಚ್ ಬರಲಾಗದ್ದರಿಂದ ಒಂಟಿಯಾಗಿ ಬಂದ ಈ ಹುಡುಗಿಯ ಜೊತೆಗೆ ಇದೇ ಊರಿನಲ್ಲಿ ನೆಲೆಸಿದ್ದ ಸ್ವಯಂಸೇವಕಿ ವತ್ಸಲೆಯನ್ನು ಹಾಕಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಜೀಪಿನಿಂದ ಬಿದ್ದು ಮುರಿದ ಅನಲಿನ್‌ಳ ಎಡ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅಂಥವರು ಸ್ಪರ್ಧೆಗೆ ಮೊದಲೇ ತೀರ್ಪುಗಾರರಿಗೆ ಕೈ ತೋರಿಸಿ ಹೇಳಬೇಕು. ಪ್ರತಿ ಸಲ ಎತ್ತುವ ಮುಂಚೆ ಇನ್ನೊಮ್ಮೆ ನೆನಪಿಸಲೂಬಹುದು. ಮೊದಲ ಸುತ್ತಿನ ಮೂರು ಸಲವೂ ಹುಡುಗಿ ಹಾಗೆಯೇ ಕೈ ಚಾಚಿ ತೋರಿಸಿದ್ದಳು, ಮೂರು ಸಲವೂ ಬಿಳಿ ದೀಪ ಬಂದಿತ್ತು. ಆದರೆ ದೊಡ್ಡ ಪರದೆಯ ಮೇಲೆ ಆ ಸೊಟ್ಟ ಕೈ ಕಂಡು ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವತ್ಸಲೆಗೆ ತಡೆಯಲಾಗಲಿಲ್ಲ. "ಒಮ್ಮೆ ಹೇಳಿ ಆಗಿದೆಯಲ್ಲ, ಮತ್ತೆ ಮತ್ತೆ ಯಾಕೆ ತೋರಿಸ್ತೀ? ಸುಮ್ಮನೆ ಹೋಗಿ ಎತ್ತು," ಎಂದುಬಿಟ್ಟಳು. ಹಿರಿಯಳ ಮಾತೆಂದು ಹುಡುಗಿ ಕೇಳಿದಳು; ಈ ಎರಡನೇ ಸುತ್ತಿನಲ್ಲಿ ಎರಡು ಸಲವೂ ಕೈ ತೋರಿಸದೆಯೇ ಎತ್ತಿದಳು.

ಮುಚ್ಚಿಡುವುದು ವತ್ಸಲೆಗೆ ಅಭ್ಯಾಸ. ಮೂಡುಬಿದಿರೆಯ ಕಾಲೇಜಿನಲ್ಲಿ ತಾನೂ ಭಾರ ಎತ್ತಿದವಳು ಎಂಬುದನ್ನು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಣ್ಣು ನೋಡಲು ಬಂದವರ ಪೈಕಿ ಒಬ್ಬಳು ತೋಳು ಒತ್ತಿ ನೋಡಿ, "ಇದೆಂತ, ಗಂಡಸಿನ ತೋಳು!" ಎಂದು ನಕ್ಕಿದ್ದಳಲ್ಲ, ಆವತ್ತಿನಿಂದ ತುಂಬುತೋಳಿನ ರವಿಕೆ, ತುಂಬುತೋಳಿನ ಅಂಗಿ. ಇಲ್ಲಿ ಉಳಿದ ಸ್ವಯಂಸೇವಕರೆಲ್ಲ ಟೀಶರ್ಟಿನಲ್ಲಿ ಓಡಾಡುತ್ತಿದ್ದರೆ ಇವಳು ಆ ಸೆಕೆಯಲ್ಲೂ ಅದರ ಮೇಲೊಂದು ಜಾಕೆಟ್ಟು ಹಾಕಿ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಿದ್ದಳು.

"ನನ್ನದೇ ತಪ್ಪು. ನನ್ನ ಮಾತು ಕೇಳಬಾರದಿತ್ತು ನೀನು," ಎಂದಳು ಇಂಗ್ಲಿಷಿನಲ್ಲಿ.

ಅನಲಿನ್ ತಲೆಯೆತ್ತಿದಳು. ಅಳುತ್ತಾಳೆಂದು ನೋಡಿದರೆ ಕಣ್ಣಲ್ಲಿ ಕೆಂಡ. "ನೂರಿಪ್ಪತ್ತು ಅಂತ ಬರೆಸಿ, ಆತೇ." ಆತೆ ಎಂದರೆ ಅವರಲ್ಲಿ ಅಕ್ಕ.

"ತಲೆ ಕೆಟ್ಟಿದೆಯಾ ನಿನಗೆ? ಇನ್ನೂ ಎರಡು ಕಿಲೋ?"

"ಅಷ್ಟೇ ಇಟ್ಟರೆ ಈಗಲೇ ಹೋಗಬೇಕು. ಏರಿಸಿದರೆ ಕಡಿಮೆ ಭಾರ ಬರೆಸಿದ ಇನ್ನಿಬ್ಬರು ನನಗಿಂತ ಮುಂಚೆ ಎತ್ತುತ್ತಾರೆ, ಉಸಿರಾದರೂ ಸಿಗುತ್ತದೆ. ಮತ್ತೆ, ಅವರು ಇಲ್ಲ ಅಂದದ್ದನ್ನೇ ತಿರುಗಿ ಹೋಗಿ ಬೇಡುವವಳಲ್ಲ ನಾನು."

ಭಾರ ಬರೆದುಕೊಳ್ಳುವ ಮೇಜಿನಲ್ಲಿ ಕೂತಿದ್ದವಳು ಇನ್ನೊಬ್ಬ ಸ್ವಯಂಸೇವಕಿ, ಮೈಸೂರಿನ ನಾಗಮಣಿ. ಅವಳು ಪೆನ್ನು ಕೆಳಗಿಟ್ಟಳು. "ಏನ್ರೀ ವತ್ಸಲಾ, ಎರಡು ಸಲ ಫೇಲ್ ಆಗಿದೆ, ವೇಯ್ಟ್ ಜಾಸ್ತಿ ಮಾಡ್ತಿದೀರಾ? ಆ ಹುಡುಗಿಗೆ ನೀವಾದ್ರೂ ಬುದ್ಧಿ ಹೇಳ್ಬಾರ್ದಾ?"

"ಬುದ್ಧಿ ಹೇಳಿಯೇ ಹೀಗಾದದ್ದು ಮಾರಾಯ್ರೆ. ನೀವು ಬರ್ಕೊಳ್ಳಿ, ನೂರಿಪ್ಪತ್ತು."

ಇಬ್ಬರು ಎತ್ತಿ ಹೋದರು. ಅನಲಿನ್‌ಳ ಹೆಸರು ಕೂಗಿ ಗಡಿಯಾರ ಬಿಟ್ಟರು. ಒಂದು ನಿಮಿಷದೊಳಗೆ ಕಬ್ಬಿಣ ನೆಲ ಬಿಡಬೇಕು. ಅವಳು ಕಬ್ಬಿಣದ ಹತ್ತಿರ ಹೋಗಲೇ ಇಲ್ಲ. ಮೊಣಕೈಪಟ್ಟಿಯನ್ನು ಕೆಳಗೆ ಜಾರಿಸಿ, ನಡುವಿನ ತೀರ್ಪುಗಾರ್ತಿಯ ಕಡೆಗೆ ಎರಡೂ ಕೈ ಚಾಚಿದಳು. ಆಕೆ ತಲೆಯಾಡಿಸಿದಳು. ಬಲಗಡೆಯವನೂ ಆಡಿಸಿದ. ಎಡಗಡೆಯ ಬಿಳಿಗಡ್ಡದವನು ಮಾತ್ರ ಕಂಡೂ ಕಾಣದವನ ಹಾಗೆ ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದ. ಮೂವತ್ತು ಸೆಕೆಂಡ್. ಮತ್ತೆ ಯಾರೋ ನಕ್ಕರು. ಇಪ್ಪತ್ತೈದು. ಭಲೇ ಹುಡುಗಿ, ಕೈ ಇಳಿಸಲಿಲ್ಲ. ಸೊಟ್ಟ ಮೊಣಕೈಯನ್ನು ಅವನ ಮುಖಕ್ಕೆ ಹಿಡಿದಂತೆ ಹಿಡಿದು ನಿಂತೇಬಿಟ್ಟಳು. ಇಪ್ಪತ್ತು. "ಹೋಗೇ, ಸಾಕು ಹೋಗೇ!" ಎಂದು ವತ್ಸಲೆ ಪರದೆಯ ಹಿಂದೆ ಕನ್ನಡದಲ್ಲೇ ಬಡಬಡಿಸುತ್ತಿದ್ದಳು. ಹದಿನಾಲ್ಕು ಸೆಕೆಂಡ್ ಉಳಿದಾಗ ಬಿಳಿಗಡ್ಡ ಕೆಳಗೆ ಮೇಲೆ ಆಡಿತು.

ಎಂಟು ಸೆಕೆಂಡಿಗೆ ಕಬ್ಬಿಣ ನೆಲ ಬಿಟ್ಟಿತು. ಹೆಗಲಿಗೆ ಬಂತು. ತೊಡೆ ನಡುಗಿತು, ನಿಂತಿತು. ಒಂದೇ ಉಸಿರಿಗೆ ತಲೆಯ ಮೇಲೆ ಹೋಯಿತು. ಇಳಿಸಬಹುದೆಂದು ಸದ್ದು ಬಂತು. ಅವಳು ಇಳಿಸಲಿಲ್ಲ. ನೂರಿಪ್ಪತ್ತು ಕಿಲೋ ಹೊತ್ತುಕೊಂಡೇ ಕತ್ತನ್ನು ಎಡಕ್ಕೆ ತಿರುಗಿಸಿ ಬಿಳಿಗಡ್ಡವನ್ನು ನೋಡುತ್ತ ನಿಂತಳು. ದೀಪ ಹತ್ತಿತು. ಬಿಳಿ, ಬಿಳಿ, ಬಿಳಿ. ಆಮೇಲೆ ಕೈಬಿಟ್ಟಳು. ಸಭಾಂಗಣದ ನೆಲ ಗುಡುಗಿತು.

ವತ್ಸಲೆ ಗಟ್ಟಿಯಾಗಿ ಅತ್ತಳು, ನಾಚಿಕೆಯಿಲ್ಲದೆ. ಮೈ ಬೆವರಿನಿಂದ ತೊಯ್ದುಹೋಗಿತ್ತು. ಜಿಪ್ಪನ್ನು ಸರ್ರನೆ ಎಳೆದು ಜಾಕೆಟ್ಟನ್ನು ಕುರ್ಚಿಗೆ ಎಸೆದಳು. ಮೇಜಿನ ಹಿಂದಿನಿಂದ ಓಡಿಬಂದ ನಾಗಮಣಿ ಗಕ್ಕನೆ ನಿಂತಳು.

"ಅಯ್ಯೋ, ಏನ್ರೀ ಇದು ನಿಮ್ಮ ತೋಳು!"

ವತ್ಸಲೆ ಎರಡೂ ಕೈಯನ್ನು ಅವಳ ಮುಂದೆ ಚಾಚಿದಳು. "ಸರಿ ನೋಡಿ," ಎಂದಳು. "ತೊಂಬತ್ತೈದು ಕಿಲೋ ಎತ್ತಿದ ತೋಳು."