ಕೆಟ್ಟ ಸುದ್ದಿ ಹೇಳುವ ಕೋಣೆ

"ನಿಮ್ಮ ಯಜಮಾನರ ಎಡಗಾಲು ತೆಗೀಬೇಕಾಗುತ್ತೆ ಅಮ್ಮಾ" ಎಂದಳು ಮಗಳು. ಎಂದವಳು ಕಿಸಕ್ಕನೆ ನಕ್ಕುಬಿಟ್ಟಳು.

ಬ್ರೇಕ್ ಮೇಷ್ಟ್ರ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಕಾರು ಓಡಿಸುವುದನ್ನು ಕಲಿಸಿ ಕಲಿಸಿ ಬಂದ ಚಾಳಿ ಅದು. ಶಿಷ್ಯರು ಎಡವಟ್ಟು ಮಾಡಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂತು ತಮ್ಮ ಪಾಲಿನ ಬ್ರೇಕು ತುಳಿಯುವವರು ಅವರು. ಊರು ಇಟ್ಟ ಹೆಸರೂ ಅದೇ. ಈಗ ತಲೆಗೆ ಹೆಂಡತಿಯ ಶಾಲು ಹೊದ್ದು, ರೋಗಿಯ ಹೆಂಡತಿಯಾಗಿ ಎದೆ ಬಡಿದುಕೊಳ್ಳುತ್ತ ಕೂತಿದ್ದರು.

"ನಗ್ತೀಯಾ? ಒಬ್ಬರ ಕಾಲು ಹೋಗ್ತಿದೆ, ನಿನಗೆ ನಗು!"

"ನಿಮ್ಮ ಅವತಾರ ನೋಡಿದ್ರೆ ನಗು ಬರದೆ ಇನ್ನೇನಪ್ಪ ಬರುತ್ತೆ?"

ನಗುವ ಹೊತ್ತಲ್ಲ ಇದು. ನಾಳೆ ಬೆಳಗ್ಗೆ ವೈದ್ಯಕೀಯ ಕಾಲೇಜಿನ ಸಂದರ್ಶನ. ಪ್ರಶ್ನೆ ಕೇಳುವ ಕೋಣೆಗಳು ಅಲ್ಲಿ ಬೇಕಾದಷ್ಟಿವೆ. ಅವನ್ನೆಲ್ಲ ಹುಡುಗಿ ನೀರು ಕುಡಿದಷ್ಟು ಸಲೀಸಾಗಿ ದಾಟುತ್ತಾಳೆ. ಕೊನೆಯ ಕೋಣೆಯದೇ ಗ್ರಹಚಾರ. ಅಲ್ಲಿ ಒಬ್ಬ ನಟ ಕೂತಿರುತ್ತಾನೆ. ಅವನಿಗೊಂದು ಕೆಟ್ಟ ಸುದ್ದಿಯನ್ನು ಮೆತ್ತಗೆ, ಅವನ ಮನಸ್ಸು ಒಡೆಯದ ಹಾಗೆ ಹೇಳಬೇಕು. ಪರೀಕ್ಷಕರು ಮೂಲೆಯಲ್ಲಿ ಕೂತು ನೋಡುತ್ತಾರೆ. ಕಳೆದ ವರ್ಷ ಆ ನಟ ಬಿಕ್ಕಿ ಬಿಕ್ಕಿ ಅತ್ತ. ಇವಳು ಬಿದ್ದು ಬಿದ್ದು ನಕ್ಕಳು. ಸೀಟು ಹೋಯಿತು. ಈ ಸಲವೂ ಹೋದರೆ ಆ ಕಾಲೇಜು ಮತ್ತೆ ಕರೆಯುವುದಿಲ್ಲ. ಡಾಕ್ಟರಾಗಬೇಕೆಂಬುದು ಹುಡುಗಿಯ ಚಿಕ್ಕಂದಿನ ಆಸೆ. ಮೇಷ್ಟ್ರ ಆಸೆ ಅದಕ್ಕಿಂತ ಒಂದು ಗೇರು ಮೇಲೆಯೇ ಇತ್ತು.

ಹಾಗಾಗಿ ಈ ವಾರದಲ್ಲಿ ಮೇಷ್ಟ್ರು ಕಣ್ಣು, ಕಿವಿ, ಕಿಡ್ನಿ ಎಲ್ಲ ಕಳೆದುಕೊಂಡಿದ್ದರು. ಎರಡು ಸಲ ವಿಧವೆಯೂ ಆಗಿದ್ದರು. ಮಗಳು ಪ್ರತಿಯೊಂದಕ್ಕೂ ನಕ್ಕಿದ್ದಳು.

"ಸುಳ್ಳು ಸುದ್ದಿ ಹೇಳು ಅಂದ್ರೆ ಮುಖದಲ್ಲಿ ದುಃಖ ಎಲ್ಲಿಂದ ಬರ್ಬೇಕು ರೀ? ಅವಳೇನು ಸಿನಿಮಾದವಳಾ?" ಎಂದಳು ತರಕಾರಿ ಹೆಚ್ಚುತ್ತಿದ್ದ ಹೆಂಡತಿ.

"ನೀನು ಸುಮ್ನಿರು. ಕಲಿಸೋದು ನನ್ನ ಕಸುಬು."

"ಹೌದೌದು. ಊರೋರಿಗೆಲ್ಲ ಕಲಿಸ್ತೀರಿ. ಮನೆಯವರಿಗೆ ಕಲಿಸೋದು ಅಂದ್ರೆ ಮಾತ್ರ ಮೈಮೇಲೆ ಬರುತ್ತೆ."

ಮೇಷ್ಟ್ರು ಶಾಲು ತೆಗೆದಿಟ್ಟರು. ಊಟ ಮಾಡಿ ಮಲಗಿದರು. ಅವರು ಮಲಗಿದರೆಂದರೆ ಮುಗಿಯಿತು; ಮನೆ ಮಗುಚಿಬಿದ್ದರೂ ಏಳುವ ಕುಳವಲ್ಲ.

ಸಂಜೆ ಎಬ್ಬಿಸಿದ್ದು ಮಗಳೇ. ಅಭ್ಯಾಸ ಎಂದರೆ ಸಾಕು, ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದವಳು ಈಗ ತಾನಾಗಿ ಕುರ್ಚಿಗಳನ್ನು ಎದುರುಬದುರು ಹಾಕಿ, ಬೀದಿ ಕಡೆಯ ಪರದೆ ಎಳೆದು, ಒಂದು ಲೋಟ ನೀರಿಟ್ಟು ಕಾದಿದ್ದಳು. ಸದ್ಯ, ಈಗಲಾದರೂ ಭಯ ಹತ್ತಿತಲ್ಲ ಎಂದುಕೊಂಡರು ಮೇಷ್ಟ್ರು.

"ಈ ಸಲ ಶಾಲು ಗೀಲು ಬೇಡ ಅಪ್ಪ. ನೀವು ನೀವಾಗೇ ಇರಿ. ನಿಮಗೆ ನಿಜವಾಗ್ಲೂ ಹೊಟ್ಟೆ ಉರಿಯೋ ಅಂಥದ್ದು ಏನಾದ್ರೂ ಹೇಳಿ. ಅದು ಹಾಳಾಯ್ತು ಅಂತ ಇಟ್ಕೊಳ್ಳೋಣ."

"ನಿನ್ನ ಸೀಟು."

"ಅದಲ್ಲ. ಕೈಯಲ್ಲಿ ಮುಟ್ಟೋ ಅಂಥದ್ದು."

"ಅಂಥದ್ದು ನನ್ನ ಹತ್ರ ಇನ್ನೇನಿದೆ? ಕಾರೊಂದೇ."

"ಸರಿ. ಕಾರೇ ಆಗ್ಲಿ."

"ಥೂ, ಬಿಡ್ತು ಅನ್ನು! ಇಲ್ಲೀವರೆಗೆ ಒಂದು ಗೀರು ಬಿದ್ದಿಲ್ಲ ಅದಕ್ಕೆ."

ಆದರೂ ಮಗಳ ಸೀಟಿನ ಮುಂದೆ ಶಕುನ ಅಪಶಕುನ ಯಾವ ಲೆಕ್ಕ? ಮೇಷ್ಟ್ರು ಒಪ್ಪಿದರು.

ಮಗಳು ಬಾಗಿಲಾಚೆ ಹೋಗಿ ಬಂದಳು. ಎದುರು ಕೂತು ನೀರಿನ ಲೋಟವನ್ನು ಅವರತ್ತ ಸರಿಸಿದಳು.

"ಅಪ್ಪ, ಒಂದು ಬೇಜಾರಿನ ವಿಷಯ ಹೇಳ್ಬೇಕು. ಮೊದಲು ಇದು ಕೇಳಿ, ಯಾರಿಗೂ ಏನೂ ಆಗಿಲ್ಲ." ಒಮ್ಮೆ ಉಸಿರೆಳೆದುಕೊಂಡಳು. "ನಿಮ್ಮ ಕಾರು ಗೇಟಿನ ಕಂಬಕ್ಕೆ ಗುದ್ದಿದೆ. ಮುಂದಿನ ಭಾಗ ಪೂರ್ತಿ ಜಜ್ಜಿಹೋಗಿದೆ."

ಮೇಷ್ಟ್ರು ನಗುವಿಗಾಗಿ ಕಾದರು. ನಗು ಬರಲಿಲ್ಲ. ತುಟಿಯಂಚು ಕೂಡ ಅಲುಗಲಿಲ್ಲ.

ನೋಡೇಬಿಡೋಣ ಎಂದು ಅವರು ಎದೆ ಬಡಿದುಕೊಂಡರು. "ಅಯ್ಯಯ್ಯೋ, ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲಪ್ಪೋ! ಯಾವ ಮನೆಹಾಳರು ಓಡಿಸಿದ್ದು? ಕೈಕಾಲು ಮುರೀತೀನಿ!"

ಬೆಳಗ್ಗೆಯಾಗಿದ್ದರೆ ಹುಡುಗಿ ನೆಲದ ಮೇಲೆ ಉರುಳಾಡುತ್ತಿದ್ದಳು. ಈಗ ಅವಳ ಮುಖ ಬಿಳಿಚಿಕೊಂಡಿತು. ಕಣ್ಣಲ್ಲಿ ನೀರಾಡಿತು. ಆದರೂ ಅಪ್ಪನ ಎರಡೂ ಕೈ ಹಿಡಿದುಕೊಂಡಳು.

"ನಿಮಗೆ ಸಿಟ್ಟು ಬರೋದು ಸಹಜ. ಆದ್ರೆ ಓಡಿಸಿದವರು ನಿಮಗಿಂತ ಜಾಸ್ತಿ ನೊಂದಿದ್ದಾರೆ. ಆಗಿನಿಂದ ಒಂದೇ ಸಮ ಅಳ್ತಿದ್ದಾರೆ. ಬೇಕು ಅಂತ ಮಾಡಿದ್ದಲ್ಲ ಅಪ್ಪ. ಕಲೀಬೇಕು ಅನ್ನೋ ಆಸೆ, ಅಷ್ಟೇ."

ಎಂಥ ಮಾತು! ಮೇಷ್ಟ್ರು ಒಳಗೊಳಗೇ ಬೀಗಿದರು. ನಾಳೆ ಆ ನಟ ಹೊರಳಾಡಿ ಅತ್ತರೂ ಇವಳು ಜಗ್ಗುವುದಿಲ್ಲ, ಡಾಕ್ಟರಾಗದೆ ಇರುವುದಿಲ್ಲ. ಆ ಸಂತೋಷದಲ್ಲಿ ಅವರಿಗೆ ಧಾರಾಳತನ ಉಕ್ಕಿ ಬಂತು.

"ಹೋಗ್ಲಿ ಬಿಡಮ್ಮ" ಎಂದರು ದೊಡ್ಡ ಮನುಷ್ಯರ ಗತ್ತಿನಲ್ಲಿ. "ತಗಡು ತಾನೇ, ತಟ್ಟಿಸಿದ್ರೆ ಸರಿಹೋಗುತ್ತೆ. ಜೀವ ಉಳೀತಲ್ಲ, ಅಷ್ಟು ಸಾಕು."

"ಓಡಿಸಿದವರನ್ನ ಬೈಯಲ್ಲ ತಾನೇ?"

"ಒಂದು ಮಾತೂ ಬೈಯಲ್ಲ."

"ಆಣೆ?"

"ನಿನ್ನಾಣೆ!"

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಪಾಸು ಕಣಮ್ಮ, ಪಾಸು! ಸೀಟು ನಿನ್ನದೇ! ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ ವಾರವೆಲ್ಲ ಯಾಕೆ ನನ್ನ ಪ್ರಾಣ ತಿಂದೆ? ಅಮ್ಮನ್ನ ಕರಿ, ಅವಳೂ ನೋಡ್ಲಿ."

ಮಗಳು ಚಪ್ಪಾಳೆಗೂ ನಗಲಿಲ್ಲ. ಎದ್ದು ಹೋಗಿ ಬೀದಿ ಬಾಗಿಲನ್ನು ಗೇಣಗಲ ತೆರೆದಳು.

ಹೊರಗಿನಿಂದ ಹೆಂಡತಿಯ ಸಣ್ಣ ದನಿ ಕೇಳಿತು: "ಬೈಯಲ್ಲ ಅಂದ್ರಾ ಅವರು? ಹಾಗಾದ್ರೆ ನಾನು ಒಳಗೆ ಬರ್ಲಾ?"